ಸಂಚಕಾರದ ಲೆಕ್ಕ: 1925ರ ಮಯಾಮಿ ಮತ್ತು ಸಾಲದ ದುಡ್ಡಿನ ಲಾಭ

ಕನ್ನಡದಲ್ಲಿ ‘ಸಂಚಕಾರ’ ಎಂಬ ಮಾತಿಗೆ ಎರಡು ಅರ್ಥ. ಇವತ್ತು ಹೆಚ್ಚಿನವರಿಗೆ ಗೊತ್ತಿರುವುದು ಕೆಟ್ಟ ಅರ್ಥ: ಜೀವಕ್ಕೆ ಸಂಚಕಾರ, ಕುರ್ಚಿಗೆ ಸಂಚಕಾರ. ಇನ್ನೊಂದು ಅರ್ಥ ವ್ಯವಹಾರದ್ದು. ಹೊಲವೋ ಮನೆಯೋ ಕೊಳ್ಳುವಾಗ ಮಾತು ಗಟ್ಟಿಯಾಯಿತು ಎನ್ನುವುದಕ್ಕೆ ಮೊದಲು ಕೈಗಿಡುವ ಸಣ್ಣ ಮೊತ್ತಕ್ಕೂ ಸಂಚಕಾರ ಎಂದೇ ಹೆಸರು. ಉತ್ತರ ಕರ್ನಾಟಕದ ಕಡೆ ‘ಸಂಚಕಾರ ಪತ್ರ’ ಎಂಬ ಮಾತು ಈಗಲೂ ಕಿವಿಗೆ ಬೀಳುತ್ತದೆ. ಪುಣೆಯಲ್ಲಿರುವವರು ಅದನ್ನೇ ಇಸಾರ ಎಂದು ಕೇಳಿರುತ್ತೀರಿ, ದಿಲ್ಲಿಯಲ್ಲಿ ಬಯಾನಾ, ಉಳಿದ ಕಡೆ ಟೋಕನ್ ಅಥವಾ ಅಡ್ವಾನ್ಸ್. ಒಂದೇ ಪದದಲ್ಲಿ ಮುಂಗಡ ಮತ್ತು ಅಪಾಯ ಎರಡೂ ಹೇಗೆ ಬಂದು ಕೂತವೋ, ಅದನ್ನು ಭಾಷೆ ಬಲ್ಲವರು ಹೇಳಲಿ. ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ಮಾತ್ರ ಮುಂಗಡವು ಅಪಾಯವಾಗಿ ಬದಲಾಗಲು ಹೆಚ್ಚು ಕಾಲ ಹಿಡಿಯಲಿಲ್ಲ. 1925ರ ಬೇಸಿಗೆಯಲ್ಲಿ ಅದು ಮೊದಲನೆಯ ಅರ್ಥದಲ್ಲಿತ್ತು. 1926ರ ಬೇಸಿಗೆಗೆ ಎರಡನೆಯ ಅರ್ಥಕ್ಕೆ ಬಂದು ಮುಟ್ಟಿತ್ತು.

ಆ ಒಂದು ವರ್ಷದ ಕಥೆಯನ್ನು ಜನ ಸಾಮಾನ್ಯವಾಗಿ ದುರಾಸೆಯ ಕಥೆಯಾಗಿ ಹೇಳುತ್ತಾರೆ. ದುರಾಸೆ ಇತ್ತು, ಸುಳ್ಳಿಲ್ಲ. ಆದರೆ ಅದನ್ನು ಒಂದು ತಪ್ಪು ಲೆಕ್ಕದ ಕಥೆಯಾಗಿ ಓದಿದರೆ ನಮಗೆ ಹೆಚ್ಚು ದಕ್ಕುತ್ತದೆ. ಸಾಲ ಮಾಡಿ ಒಂದು ಸೈಟನ್ನೋ ಮನೆಯನ್ನೋ ಕೊಂಡು, ಕೆಲವೇ ತಿಂಗಳಲ್ಲಿ ಮಾರಿದರೆ ಲಾಭ ಎಷ್ಟು? ಮಾರಿದ ಬೆಲೆಯಲ್ಲಿ ಕೊಂಡ ಬೆಲೆ ಕಳೆದರಾಯಿತು ಅನ್ನಿಸುತ್ತದೆ. ಅಲ್ಲಿ ಮೂರು ಪ್ರಶ್ನೆಗಳು ಅಡಗಿವೆ. ಆ ಲಾಭವನ್ನು ಯಾವ ಮೊತ್ತಕ್ಕೆ ಹೋಲಿಸಬೇಕು? ಅದರಲ್ಲಿ ಏನೇನು ಕಳೆಯಬೇಕು? ಯಾವ ದಿನ ‘ಲಾಭ ಬಂತು’ ಎಂದು ಬರೆದುಕೊಳ್ಳಬೇಕು? ಮಯಾಮಿಯ ಜನ ಮೊದಲ ಪ್ರಶ್ನೆಗೆ ತಮಗೆ ಹಿತವಾದ ಉತ್ತರ ಕೊಟ್ಟುಕೊಂಡರು, ಉಳಿದೆರಡನ್ನು ಕೇಳಿಕೊಳ್ಳಲೇ ಇಲ್ಲ.

ಊರು ಹುಟ್ಟಿದ ಬಗೆ

ಮಯಾಮಿ ಹಳೆಯ ಊರಲ್ಲ. ಹೆನ್ರಿ ಫ್ಲಾಗ್ಲರ್ ಹಾಕಿಸಿದ ಫ್ಲಾರಿಡಾ ಈಸ್ಟ್ ಕೋಸ್ಟ್ ರೈಲುದಾರಿ 1896ರಲ್ಲಿ ಅಲ್ಲಿಗೆ ಮುಟ್ಟಿತು, ಅದೇ ವರ್ಷ ಅದು ನಗರ ಎನಿಸಿಕೊಂಡಿತು. 1920ರ ಜನಗಣತಿಯಲ್ಲಿ ಅಲ್ಲಿದ್ದವರು 29,571 ಮಂದಿ. ಎದುರಿಗಿರುವ ಮಯಾಮಿ ಬೀಚ್ ಆಗ ಬಹುಪಾಲು ಕಾಂಡ್ಲ ಕಾಡು, ಜೌಗು. ಇಂಡಿಯಾನಾಪೊಲಿಸ್‌ನಲ್ಲಿ ಕಾರಿನ ದೀಪದ ವ್ಯಾಪಾರದಿಂದ ದುಡ್ಡು ಮಾಡಿದ್ದ ಕಾರ್ಲ್ ಫಿಶರ್ ಅಲ್ಲಿಗೆ ಬಂದು, ಕಾಡು ಕಡಿಸಿ, ಕೊಲ್ಲಿಯ ತಳದ ಮರಳನ್ನೆತ್ತಿ ಸುರಿಸಿ ನೆಲ ಮಾಡಿಸಿದ. ಪ್ರಚಾರದಲ್ಲೂ ಅವನು ಪಳಗಿದ ಕೈ. 1921ರಲ್ಲಿ, ಅಧ್ಯಕ್ಷರಾಗಿ ಚುನಾಯಿತರಾಗಿದ್ದ ಹಾರ್ಡಿಂಗ್ ಅಲ್ಲಿ ಗಾಲ್ಫ್ ಆಡಿದಾಗ ಕೋಲಿನ ಚೀಲ ಹೊರಲು ಒಂದು ಆನೆಮರಿಯನ್ನೇ ನಿಲ್ಲಿಸಿದ್ದ. ಫೋಟೊ ದೇಶದ ಪತ್ರಿಕೆಗಳಿಗೆಲ್ಲ ಹೋಯಿತು.

ಜನ ಅಲ್ಲಿಗೆ ಬರಲು ಗಟ್ಟಿ ಕಾರಣಗಳೇ ಇದ್ದವು. ಫೋರ್ಡ್ ಕಾರು ಸಾಮಾನ್ಯರ ಕೈಗೆ ಎಟುಕುವಂತಾಗಿತ್ತು. ಉತ್ತರದ ಚಳಿಯಿಂದ ದಕ್ಷಿಣದ ಬಿಸಿಲಿಗೆ ಡಿಕ್ಸಿ ಹೆದ್ದಾರಿ ಇಳಿದು ಬರುತ್ತಿತ್ತು. 1924ರಲ್ಲಿ ಫ್ಲಾರಿಡಾ ತನ್ನ ಸಂವಿಧಾನವನ್ನೇ ತಿದ್ದಿ, ರಾಜ್ಯದಲ್ಲಿ ಆದಾಯ ತೆರಿಗೆ, ವಾರಸು ತೆರಿಗೆ ಎರಡೂ ಇರಕೂಡದು ಎಂದು ಬರೆದುಕೊಂಡಿತು. ಸಿರಿವಂತರಿಗೆ ಇದಕ್ಕಿಂತ ಒಳ್ಳೆಯ ಕರೆಯೋಲೆ ಬೇಕೆ?

ಮಯಾಮಿಯ ಪಕ್ಕದಲ್ಲೇ ಜಾರ್ಜ್ ಮೆರಿಕ್ ಎಂಬವನು ತನ್ನ ತಂದೆಯ ಹಣ್ಣಿನ ತೋಟದ ಸುತ್ತ ‘ಕೋರಲ್ ಗೇಬಲ್ಸ್’ ಎಂಬ ಬಡಾವಣೆ ಕಟ್ಟತೊಡಗಿದ. ಮೊದಲ ಸೈಟುಗಳು ಮಾರಾಟಕ್ಕೆ ಬಂದದ್ದು 1921ರಲ್ಲಿ. ಇವನು ಬರಿಯ ನಕ್ಷೆ ತೋರಿಸಿ ಮಾರಿದವನಲ್ಲ. ಅಗಲದ ರಸ್ತೆ, ಮರಗಳ ಸಾಲು, ಹೆಬ್ಬಾಗಿಲುಗಳನ್ನು ಮಾಡಿಸಿದ. ಕಲ್ಲು ತೆಗೆದು ಉಳಿದ ಕ್ವಾರಿಯನ್ನು ಚೆಂದದ ಈಜುಕೊಳವಾಗಿಸಿದ. ಅದೇ ಕೊಳದ ಬಳಿ ನಿಂತು, ಮೂರು ಸಲ ಅಮೆರಿಕದ ಅಧ್ಯಕ್ಷ ಹುದ್ದೆಗೆ ನಿಂತಿದ್ದ ದೊಡ್ಡ ಭಾಷಣಕಾರ ವಿಲಿಯಂ ಜೆನಿಂಗ್ಸ್ ಬ್ರಯನ್ ಸಂಬಳ ಪಡೆದು ಫ್ಲಾರಿಡಾದ ಹವೆಯನ್ನು ಹೊಗಳುತ್ತಿದ್ದರು. ಭಾಷಣ ಮುಗಿದ ಮೇಲೆ ಕೇಳಿದವರ ನಡುವೆ ಸೈಟು ಮಾರುವವರು ಓಡಾಡುತ್ತಿದ್ದರು.

ಈ ಊರಿಗೆ ಭವಿಷ್ಯವಿದೆ ಎಂದು ನಂಬಿದವರು ಮೂರ್ಖರಲ್ಲ. ಈ ಕಥೆಯಲ್ಲಿ ಅದೇ ಮುಖ್ಯ, ಮುಂದೆ ಅದು ಮತ್ತೆ ಬರುತ್ತದೆ.

ಬೈಂಡರ್ ಎಂಬ ಚೀಟಿ

ಮಯಾಮಿಯಲ್ಲಿ ಸಂಚಕಾರಕ್ಕೆ ‘ಬೈಂಡರ್’ ಎಂದು ಹೆಸರು. ಸೈಟಿನ ಬೆಲೆಯ ಸುಮಾರು ಶೇಕಡ 10ರಷ್ಟು ಕೊಟ್ಟರೆ ಒಂದು ರಸೀದಿ ಸಿಗುತ್ತಿತ್ತು. ಹಕ್ಕಿನ ಕಾಗದಗಳು ಸರಿಯಾಗಿ, ಮೊದಲ ದೊಡ್ಡ ಕಂತನ್ನು ಕಟ್ಟಲು ಸುಮಾರು 30 ದಿನ. ಆ ಕಂತು ವಾಡಿಕೆಯಂತೆ ಬೆಲೆಯ ನಾಲ್ಕನೇ ಒಂದು ಭಾಗ. ಉಳಿದದ್ದನ್ನು ಎರಡು ಮೂರು ವರ್ಷಗಳಲ್ಲಿ ಬಡ್ಡಿ ಸಮೇತ ತೀರಿಸಬೇಕು, ಅಲ್ಲಿಯವರೆಗೆ ಸೈಟು ಮಾರಿದವನಿಗೇ ಅಡಮಾನ. ಅಂದರೆ ಸಾಲ ಕೊಡುವುದಕ್ಕೆ ಬ್ಯಾಂಕೇ ಬೇಕಿರಲಿಲ್ಲ. ಮಾರುವವನೇ ಸಾಲ ಕೊಟ್ಟವನಾಗುತ್ತಿದ್ದ. ಆದರೆ ಬಹಳ ಮಂದಿಗೆ ಆ ಮೂವತ್ತನೆಯ ದಿನವನ್ನು ನೋಡುವ ಉದ್ದೇಶವೇ ಇರಲಿಲ್ಲ. ಅಷ್ಟರೊಳಗೆ ರಸೀದಿಯನ್ನೇ ಇನ್ನೊಬ್ಬರಿಗೆ ಮಾರಿಬಿಡುವುದು. ಅದಕ್ಕೆಂದೇ ಉತ್ತರದ ಊರುಗಳಿಂದ ಬಂದ ಹುಡುಗರ ದಂಡು ಇತ್ತು. ಅವರಿಗೆ ‘ಬೈಂಡರ್ ಬಾಯ್ಸ್’ ಎಂದು ಅಡ್ಡಹೆಸರು. ಒಂದು ರಸೀದಿ ಒಂದೇ ದಿನದಲ್ಲಿ ಹಲವು ಕೈ ದಾಟುವುದು ಮಾಮೂಲಾಗಿತ್ತು.

ಇದರ ಲೆಕ್ಕವನ್ನು ನಮ್ಮದೇ ಅಂಕಿ ಹಿಡಿದು ನೋಡೋಣ. ಸೈಟಿನ ಬೆಲೆ 10,000 ಡಾಲರು. ನೀವು 1,000 ಕೊಟ್ಟು ಬೈಂಡರ್ ಬರೆಸಿದಿರಿ. ಎರಡು ವಾರದಲ್ಲಿ ಸೈಟಿನ ಬೆಲೆ 12,000 ಆಯಿತು. ಬೈಂಡರನ್ನು 3,000ಕ್ಕೆ ಮಾರಿದಿರಿ: ನಿಮ್ಮ 1,000, ಮೇಲೆ 2,000. ನೆಲದ ಬೆಲೆ ಏರಿದ್ದು ಶೇಕಡ 20. ನಿಮ್ಮ ಕೈಯ ದುಡ್ಡಿನ ಮೇಲೆ ಬಂದ ಲಾಭ ಶೇಕಡ 200. ಪೂರ್ತಿ 10,000 ಕೊಟ್ಟು ಕೊಂಡವನಿಗೂ ಸಿಕ್ಕಿದ್ದು ಅದೇ 2,000. ಆದರೆ ಅವನು ‘ಶೇಕಡ 20’ ಎನ್ನಬೇಕು, ನೀವು ‘ಒಂದಕ್ಕೆ ಮೂರು’ ಎನ್ನಬಹುದು.

ಮೊದಲ ಪ್ರಶ್ನೆಗೆ ಮಯಾಮಿ ಕೊಟ್ಟ ಉತ್ತರ ಇದು: ಲಾಭವನ್ನು ಕೈಯಿಂದ ಹಾಕಿದ ದುಡ್ಡಿಗೆ ಮಾತ್ರ ಹೋಲಿಸಬೇಕು. ಇದು ತಪ್ಪು ಲೆಕ್ಕವೇನಲ್ಲ. ಇವತ್ತಿಗೂ ಸಾಲದ ಹೂಡಿಕೆಯನ್ನು ಹೀಗೇ ಅಳೆಯುತ್ತಾರೆ. ತಪ್ಪಿದ್ದದ್ದು ಬೇರೆ ಕಡೆ. ಬೆಲೆ ಶೇಕಡ 10 ಇಳಿದು 9,000 ಆದರೆ, ಪೂರ್ತಿ ಕೊಟ್ಟು ಕೊಂಡವನ ಬಳಿ 9,000ದ ನೆಲ ಉಳಿಯುತ್ತದೆ. ನಿಮ್ಮ 1,000 ಮಾತ್ರ ಪೂರ್ತಿ ಹೋಯಿತು. ಏರುವಾಗ ಹತ್ತು ಪಟ್ಟು ಹಿಗ್ಗಿದ ಸಂಖ್ಯೆ ಇಳಿಯುವಾಗಲೂ ಹತ್ತು ಪಟ್ಟು ಹಿಗ್ಗುತ್ತದೆ. ಇನ್ನೂ ಒಂದು ಮಾತಿದೆ. ನಿಮ್ಮಿಂದ 3,000 ಕೊಟ್ಟು ಕೊಂಡವನು 15,000ದ ಬೆಲೆ ಹೇಳಿ ಅದನ್ನೇ 6,000ಕ್ಕೆ ಮಾರಬೇಕು. ಅವನಿಂದ ಕೊಂಡವನಿಗೆ ಇನ್ನೂ ದೊಡ್ಡ ಗಂಟು ಬೇಕು. ಮೂಲ ಮಾಲೀಕನಿಗೆ ಬರಬೇಕಾದ 9,000 ಮಾತ್ರ ಹಾಗೇ ನಿಂತಿದೆ. ಇಷ್ಟು ಕೈ ದಾಟಿದರೂ ಅದರಲ್ಲಿ ಒಂದು ಡಾಲರನ್ನೂ ಯಾರೂ ಕಟ್ಟಿಲ್ಲ.

ಆ ಬೇಸಿಗೆಯಲ್ಲಿ ಇದನ್ನೆಲ್ಲ ಕೇಳಿಸಿಕೊಳ್ಳುವ ವ್ಯವಧಾನ ಯಾರಿಗೂ ಇರಲಿಲ್ಲ. ಮಯಾಮಿಯ ಫ್ಲಾಗ್ಲರ್ ಬೀದಿಯಲ್ಲಿ ದಲ್ಲಾಳಿಗಳ ನೂಕುನುಗ್ಗಲು ಎಷ್ಟಿತ್ತೆಂದರೆ, ಬೀದಿಯಲ್ಲಿ ಜಮೀನು ಮಾರಬಾರದು, ನಕ್ಷೆ ಬಿಚ್ಚಿ ತೋರಿಸಲೂಬಾರದು ಎಂದು ನಗರಸಭೆ ನಿಯಮ ಮಾಡಬೇಕಾಯಿತು. 1925ರ ಜುಲೈಯಲ್ಲಿ ‘ಮಯಾಮಿ ಡೈಲಿ ನ್ಯೂಸ್’ ಪತ್ರಿಕೆಯ ಒಂದು ಸಂಚಿಕೆ 504 ಪುಟಗಳಿಗೆ ಹಿಗ್ಗಿತ್ತು. ‘ಭರದಿಂದ ಬೆಳೆಯುತ್ತಿರುವ ನೆಟ್ಟಿ ನಗರದ ಪಕ್ಕದಲ್ಲೇ’ ಎಂದು ಒಂದು ಬಡಾವಣೆಯ ಜಾಹೀರಾತು. ನೆಟ್ಟಿ ಎಂಬ ನಗರವೇ ಇರಲಿಲ್ಲ. ಬಾಸ್ಟನ್ನಿನಲ್ಲಿ ಜನರಿಗೆ ಟೋಪಿ ಹಾಕಿ ಜೈಲು ಕಂಡುಬಂದಿದ್ದ ಚಾರ್ಲ್ಸ್ ಪೊಂಜಿ ಕೂಡ ಫ್ಲಾರಿಡಾಕ್ಕೆ ಬಂದು ‘ಜಾಕ್ಸನ್‌ವಿಲ್ ಹತ್ತಿರ’ ಎಂದು ಸೈಟು ಮಾರಿದ. ‘ಹತ್ತಿರ’ ಎಂದರೆ ಸುಮಾರು 65 ಮೈಲಿ.

ಮೋಸಗಾರರ ಕಥೆ ರಂಜನೆಯದ್ದು, ಹಾಗಾಗಿ ಹೆಚ್ಚು ಓಡಾಡುತ್ತದೆ. ಆದರೆ ಮೋಸವೇ ಇಲ್ಲದ, ನಿಜವಾದ ಸೈಟಿನ, ನಿಜವಾದ ಮನೆಯ ವ್ಯವಹಾರ ಹೇಗೆ ಮುಳುಗಿತು ಎನ್ನುವುದು ನಮಗೆ ಹೆಚ್ಚು ಬೇಕಾದ ವಿಷಯ.

ಹಡಗು ಮಗುಚಿದ್ದು

ಎರಡನೆಯ ಪ್ರಶ್ನೆ: ಲಾಭದಲ್ಲಿ ಏನೇನು ಕಳೆಯಬೇಕು? ನೋಂದಣಿ, ದಲ್ಲಾಳಿ ಕಮಿಷನ್, ತೆರಿಗೆ ಎಲ್ಲರಿಗೂ ನೆನಪಾಗುತ್ತವೆ. ಮರೆತುಹೋಗುವುದು ಕಾಲ. ಸಾಲದ ದುಡ್ಡಿನಲ್ಲಿ ಕಟ್ಟಿದ ಮನೆಗೆ ಪ್ರತಿ ತಿಂಗಳೂ ಒಂದು ಬೆಲೆ ಇರುತ್ತದೆ, ಮನೆ ಮಾರಾಟವಾಗಲಿ ಬಿಡಲಿ.

1925ರಲ್ಲಿ ಫ್ಲಾರಿಡಾದ ಉದ್ದಗಲಕ್ಕೂ ಮನೆ, ಹೋಟೆಲು, ಕಚೇರಿ ಏಳುತ್ತಿದ್ದವು. ಮರ, ಸಿಮೆಂಟು, ಹಂಚು ಎಲ್ಲ ಹೊರಗಿನಿಂದ ಬರಬೇಕು. ಒಂಟಿ ರೈಲುದಾರಿ ಅಷ್ಟು ಸರಕನ್ನು ತಾಳಲಿಲ್ಲ. ಇಳಿಸಿಕೊಳ್ಳುವವರಿಲ್ಲದೆ ಸಾವಿರಾರು ವ್ಯಾಗನ್ನುಗಳು ದಾರಿಯಲ್ಲೇ ನಿಂತವು. ಕೊನೆಗೆ ರೈಲು ಕಂಪನಿಗಳು ತಿನ್ನುವ ಪದಾರ್ಥದಂಥ ಅಗತ್ಯ ವಸ್ತು ಬಿಟ್ಟು ಉಳಿದ ಸರಕಿಗೆ ತಡೆ ಹಾಕಿದವು. ಅಕ್ಟೋಬರಿನಲ್ಲಿ ಆ ತಡೆ ಇನ್ನೂ ಬಿಗಿಯಾಯಿತು. ಉಳಿದದ್ದು ಸಮುದ್ರದ ದಾರಿ. 1926ರ ಜನವರಿ 10ರಂದು, ತೇಲುವ ಹೋಟೆಲು ಮಾಡಲೆಂದು ತಂದಿದ್ದ ‘ಪ್ರಿನ್ಸ್ ವಾಲ್ಡೆಮಾರ್’ ಎಂಬ ಹಳೆಯ ಹಾಯಿಹಡಗು ಮಯಾಮಿ ಬಂದರಿನ ಬಾಯಲ್ಲೇ ಮಗುಚಿ ಬಿತ್ತು. 241 ಅಡಿ ಉದ್ದದ ಹಡಗು. ಅದನ್ನು ಸರಿಸಿ ದಾರಿ ಬಿಡಿಸಲು ತಿಂಗಳಿಗೂ ಮೇಲೆ ಹಿಡಿಯಿತು. ಅಷ್ಟು ದಿನ ಮರಮುಟ್ಟು ತುಂಬಿದ ಹಡಗುಗಳು ಹೊರಗೆ ಕಾಯುತ್ತ ನಿಂತವು, ಊರೊಳಗೆ ಅರ್ಧ ಎದ್ದ ಗೋಡೆಗಳು ಕಾಯುತ್ತ ನಿಂತವು. ಬಡ್ಡಿ ಮಾತ್ರ ಯಾರಿಗಾಗಿಯೂ ಕಾಯಲಿಲ್ಲ.

ಆ ಕಾಯುವಿಕೆಯ ಬೆಲೆಯನ್ನು ಒಂದು ಉದಾಹರಣೆಯಲ್ಲಿ ನೋಡಿ. ಸೈಟು 5,000, ಕಟ್ಟುವ ಖರ್ಚು 10,000, ಒಟ್ಟು 15,000 ಡಾಲರು. ಕಟ್ಟುವವನ ಸ್ವಂತ ದುಡ್ಡು 3,000, ಸಾಲ 12,000, ಬಡ್ಡಿ ವರ್ಷಕ್ಕೆ ಶೇಕಡ 8, ಅಂದರೆ ತಿಂಗಳಿಗೆ 80 ಡಾಲರು. ಮನೆ 18,000ಕ್ಕೆ ಹೋಗುತ್ತದೆ ಎಂಬುದು ಅವನ ಅಂದಾಜು, ದಲ್ಲಾಳಿಗೆ ಶೇಕಡ 5. ಬಾಯಿಲೆಕ್ಕದಲ್ಲಿ ಲಾಭ 3,000, ಹಾಕಿದ ದುಡ್ಡು ದುಪ್ಪಟ್ಟು.

ಕಾಗದದ ಮೇಲೆ ಬರೆದು ನೋಡಿದರೆ ಹೀಗೆ. ಆರು ತಿಂಗಳಲ್ಲಿ ಮಾರಿದರೆ ಬಡ್ಡಿ 480, ದಲ್ಲಾಳಿಗೆ 900. ಉಳಿಯುವುದು 1,620, ಅಂದರೆ ಸ್ವಂತ ದುಡ್ಡಿನ ಮೇಲೆ ಶೇಕಡ 54. ದುಪ್ಪಟ್ಟು ಅಲ್ಲದಿದ್ದರೂ ಒಳ್ಳೆಯ ಲಾಭವೇ. ಈಗ ಮರ ಬರಲಿಲ್ಲ, ಹಡಗು ಮಗುಚಿತು, ಮನೆ ಮಾರಲು ಹದಿನೆಂಟು ತಿಂಗಳಾಯಿತು. ಬೆಲೆ ಅದೇ 18,000. ಬಡ್ಡಿ 1,440 ಆಗಿ, ಉಳಿದದ್ದು 660. ಬೆಲೆ ಒಂದು ಡಾಲರೂ ಇಳಿಯದೆ ಲಾಭದ ಅರ್ಧಕ್ಕಿಂತ ಹೆಚ್ಚು ಕರಗಿತು.

ಮುಂದಿನ ಹೆಜ್ಜೆ: ಅಷ್ಟು ಹೊತ್ತಿಗೆ ಬೆಲೆಯೂ ಶೇಕಡ 10 ತಗ್ಗಿ 16,200 ಆಯಿತು ಎನ್ನಿ. ಬಡ್ಡಿ 1,440, ದಲ್ಲಾಳಿಗೆ 810. ಕಟ್ಟಿದವನಿಗೆ 1,050 ನಷ್ಟ, ಸ್ವಂತ ದುಡ್ಡಿನ ಮೂರನೇ ಒಂದು ಭಾಗಕ್ಕೂ ಹೆಚ್ಚು. ಇದೇ ಮನೆಯನ್ನು ಸಾಲವಿಲ್ಲದೆ, ಸ್ವಂತ 15,000 ಹಾಕಿ ಕಟ್ಟಿದವನು ಅದೇ ದಿನ, ಅದೇ 16,200ಕ್ಕೆ ಮಾರಿದರೆ ಅವನಿಗೆ 390 ಡಾಲರು ಲಾಭ. ಮನೆ ಒಂದೇ, ಬೆಲೆ ಒಂದೇ, ದಿನವೂ ಒಂದೇ. ಒಬ್ಬನಿಗೆ ಲಾಭ, ಇನ್ನೊಬ್ಬನಿಗೆ ನಷ್ಟ. ‘ಮನೆ ಎಷ್ಟಕ್ಕೆ ಹೋಯಿತು’ ಎಂಬ ಒಂದೇ ಪ್ರಶ್ನೆ ಕೇಳಿ ಲಾಭ ಹೇಳಲು ಬರುವುದಿಲ್ಲ ಎನ್ನುವುದಕ್ಕೆ ಇಷ್ಟು ಸಾಕು.

ಹನ್ನೆರಡು ಡಾಲರಿನ ಎಕರೆ

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಕಷ್ಟದ್ದು: ಲಾಭ ಬಂತು ಎಂದು ಯಾವ ದಿನ ಬರೆದುಕೊಳ್ಳಬೇಕು?

ಅಮೆರಿಕದ ಪತ್ರಕರ್ತ ಫ್ರೆಡರಿಕ್ ಲೂಯಿಸ್ ಆಲೆನ್ 1931ರಲ್ಲಿ ಬರೆದ ‘ಓನ್ಲಿ ಯೆಸ್ಟರ್‌ಡೇ’ ಪುಸ್ತಕದಲ್ಲಿ ಒಬ್ಬನ ಪ್ರಸಂಗ ಬರುತ್ತದೆ. ಅವನು ತನ್ನ ಜಮೀನನ್ನು ಎಕರೆಗೆ 12 ಡಾಲರಿನಂತೆ ಮಾರಿದ್ದ. ಸ್ವಲ್ಪ ದಿನದಲ್ಲಿ ಅದು 17ಕ್ಕೆ, ಆಮೇಲೆ 30ಕ್ಕೆ, ಕೊನೆಗೆ 60ಕ್ಕೆ ಹೋಯಿತೆಂದು ಕೇಳಿ, ಯಾಕಾದರೂ ಮಾರಿದೆನೋ ಎಂದು ತನ್ನನ್ನೇ ಬೈದುಕೊಂಡ. ಒಂದೆರಡು ವರ್ಷದ ಮೇಲೆ 60ಕ್ಕೆ ಕೊಂಡವನು ಕಂತು ಕಟ್ಟಲಿಲ್ಲ. ಹಾಗಾಗಿ 30ಕ್ಕೆ ಕೊಂಡವನೂ ಕಟ್ಟಲಿಲ್ಲ, 17ಕ್ಕೆ ಕೊಂಡವನೂ ಕಟ್ಟಲಿಲ್ಲ, 12ಕ್ಕೆ ಕೊಂಡವನೂ ಕಟ್ಟಲಿಲ್ಲ. ಜಮೀನು ತಿರುಗಿ ಇವನ ಕೈಗೇ ಬಂತು. ಆದರೆ ಅಷ್ಟರಲ್ಲಿ ಅದರ ಮೇಲೆ ಏರಿದ್ದ ತೆರಿಗೆ ಮತ್ತು ಅಭಿವೃದ್ಧಿ ಶುಲ್ಕದ ಬಾಕಿ, ಇವನ ಕೈಗೆ ಬಂದಿದ್ದ ನಗದಿಗಿಂತ ಹೆಚ್ಚಾಗಿತ್ತು.

ಈ ಸರಪಳಿಗೆ ಆಗಿನ ವಾಡಿಕೆಯ ಕಂತನ್ನು ಹಚ್ಚಿ ನೋಡೋಣ: ಪ್ರತಿಯೊಬ್ಬನೂ ಬೆಲೆಯ ನಾಲ್ಕನೇ ಒಂದು ಭಾಗ ನಗದು ಕೊಟ್ಟು ಉಳಿದದ್ದಕ್ಕೆ ಸಾಲಪತ್ರ ಬರೆದ. ಒಂದು ಎಕರೆಯ ಲೆಕ್ಕ ಹೀಗಾಗುತ್ತದೆ.

12ಕ್ಕೆ ಕೊಂಡವನು ಕೊಟ್ಟದ್ದು 3 ಡಾಲರು. 17ಕ್ಕೆ ಮಾರಿದಾಗ ಅವನಿಗೆ ಬಂದದ್ದು 4.25. ಪುಸ್ತಕದಲ್ಲಿ ಲಾಭ 5, ಕೈಯಲ್ಲಿ ಉಳಿದದ್ದು 1.25.

17ಕ್ಕೆ ಕೊಂಡು 30ಕ್ಕೆ ಮಾರಿದವನು ಕೊಟ್ಟದ್ದು 4.25, ಪಡೆದದ್ದು 7.50. ಪುಸ್ತಕದಲ್ಲಿ ಲಾಭ 13, ಕೈಯಲ್ಲಿ 3.25.

30ಕ್ಕೆ ಕೊಂಡು 60ಕ್ಕೆ ಮಾರಿದವನು ಕೊಟ್ಟದ್ದು 7.50, ಪಡೆದದ್ದು 15. ಪುಸ್ತಕದಲ್ಲಿ ಲಾಭ 30, ಕೈಯಲ್ಲಿ 7.50.

ಮೂವರ ಪುಸ್ತಕದ ಲಾಭ ಸೇರಿಸಿದರೆ 48 ಡಾಲರು. ಮೂವರ ಕೈಯಲ್ಲಿ ನಿಜವಾಗಿ ಉಳಿದದ್ದು 12. ಮೂಲ ಮಾಲೀಕನ ಕೈಗೆ ಬಂದ 3 ಸೇರಿದರೆ ಒಟ್ಟು 15. ಕೊನೆಯವನು ತನ್ನ ಜೇಬಿನಿಂದ ತೆಗೆದುಕೊಟ್ಟದ್ದೂ ಸರಿಯಾಗಿ 15. ಅಂದರೆ ಈ ನಾಲ್ಕು ಕೈಗಳಲ್ಲಿ ಆಡಿದ ನಗದೆಲ್ಲ ಕಡೆಗೆ ಒಬ್ಬನದೇ, ಸಾಲಿನ ತುದಿಯಲ್ಲಿ ನಿಂತವನದು. ಅವನು ಇನ್ನೂ ಕೊಡಬೇಕಾದ 45 ಡಾಲರು ಬಂದರೆ ಮಾತ್ರ ಹಿಂದಿನವರ ಪುಸ್ತಕದ ಲಾಭ ನಿಜವಾಗುತ್ತದೆ. ಅವನು ಕೊಡದಿದ್ದರೆ ಅವನ ಹಿಂದಿನವನು ಕೊಡಬೇಕಾದ 22.50 ನಿಲ್ಲುತ್ತದೆ, ಅವನ ಹಿಂದಿನವನ 12.75 ನಿಲ್ಲುತ್ತದೆ, ಮೂಲ ಮಾಲೀಕನಿಗೆ ಬರಬೇಕಾದ 9 ನಿಲ್ಲುತ್ತದೆ.

ನಡುವಿನ ಮೂವರೂ ಬಚಾವಾದರಲ್ಲ, ಒಂದಿಷ್ಟು ನಗದಾದರೂ ಉಳಿಯಿತಲ್ಲ ಎನ್ನಬಹುದು. ಆ ನಗದನ್ನು ಹಾಗೇ ಎತ್ತಿಟ್ಟಿದ್ದರೆ ಉಳಿಯುತ್ತಿತ್ತು. ಆದರೆ ಪುಸ್ತಕದಲ್ಲಿ 30 ಲಾಭ ಕಂಡವನು 7.50ರ ಮನುಷ್ಯನಂತೆ ಬದುಕುವುದಿಲ್ಲ, 30ರ ಮನುಷ್ಯನಂತೆ ಬದುಕುತ್ತಾನೆ. ಆ 7.50ನ್ನು ಮುಂದಿನ ಜಮೀನಿಗೆ ಮುಂಗಡ ಮಾಡುತ್ತಾನೆ, ಅಲ್ಲಿ ಮತ್ತೊಂದು ಸರಪಳಿಯ ತುದಿಯಲ್ಲಿ ನಿಲ್ಲುತ್ತಾನೆ. ಒಬ್ಬನೇ ಮನುಷ್ಯ ಒಂದು ಕಡೆ ಸಾಲ ಕೊಟ್ಟವನು, ಇನ್ನೊಂದು ಕಡೆ ಸಾಲಗಾರ. ಮಯಾಮಿ ಮುಳುಗಿದಾಗ ಒಟ್ಟಿಗೇ ಮುಳುಗಿದ್ದಕ್ಕೆ ಇದೇ ಕಾರಣ.

ಅಮೆರಿಕದ ತೆರಿಗೆ ಕಾನೂನಿಗೂ ಇದೇ ಪ್ರಶ್ನೆ ಎದುರಾಗಿತ್ತು. ಕಂತಿನ ಮೇಲೆ ಮಾರಿದವನಿಗೆ ಲಾಭ ಯಾವಾಗ ಬಂದಂತೆ? ಕ್ರಯಪತ್ರವಾದ ದಿನವೋ, ದುಡ್ಡು ಕೈಸೇರಿದ ದಿನವೋ? 1926ರ ಫೆಬ್ರವರಿಯಲ್ಲಿ ಬಂದ ರೆವಿನ್ಯೂ ಕಾಯ್ದೆ, ಮೊದಲ ಪಾವತಿ ಬೆಲೆಯ ನಾಲ್ಕನೇ ಒಂದು ಭಾಗ ಮೀರದಿದ್ದರೆ, ದುಡ್ಡು ಬಂದ ಹಾಗೆ ಅದರ ಪಾಲಿನ ಲಾಭವನ್ನು ಮಾತ್ರ ಆದಾಯವೆಂದು ತೋರಿಸಬಹುದು ಎಂದಿತು. ಆ ನಿಯಮವನ್ನು ನಮ್ಮ ಸರಪಳಿಗೆ ಹಚ್ಚಿದರೆ, 60ಕ್ಕೆ ಮಾರಿದವನ ಲಾಭ ಬೆಲೆಯ ಅರ್ಧ. ಹಾಗಾಗಿ ಬಂದ 15ರಲ್ಲಿ ಅರ್ಧ, ಅಂದರೆ 7.50 ಮಾತ್ರ ಲಾಭ. ಉಳಿದಿಬ್ಬರಿಗೂ ಲೆಕ್ಕ ಮಾಡಿದರೆ 3.25, 1.25 ಎಂದೇ ಬರುತ್ತದೆ. ಕೈಯಲ್ಲಿ ಉಳಿದ ನಗದಿಗೂ ಕಾಯ್ದೆಯ ಲೆಕ್ಕಕ್ಕೂ ಒಂದು ಸೆಂಟಿನ ವ್ಯತ್ಯಾಸವಿಲ್ಲ. ಬೀದಿಯಲ್ಲಿ ಕೂಗಿ ಹೇಳುತ್ತಿದ್ದ ಲಾಭಕ್ಕಿಂತ ತೆರಿಗೆಯವರ ಒಣ ಪುಸ್ತಕವೇ ಸತ್ಯಕ್ಕೆ ಹತ್ತಿರವಿತ್ತು.

ಇಳಿಜಾರು

1925ರ ಕೊನೆಯ ಹೊತ್ತಿಗೇ ಹೊಸ ಕೊಳ್ಳುವವರು ಕಡಿಮೆಯಾಗತೊಡಗಿದ್ದರು. ಉತ್ತರದ ರಾಜ್ಯಗಳ ಬ್ಯಾಂಕುಗಳಿಂದ ಠೇವಣಿ ಫ್ಲಾರಿಡಾಕ್ಕೆ ಹರಿಯುವುದನ್ನು ಕಂಡು ಅಲ್ಲಿಯವರು ಎಚ್ಚರಿಕೆಯ ಪ್ರಚಾರ ಶುರುಮಾಡಿದರು. ಒಹಾಯೊ ರಾಜ್ಯ ಫ್ಲಾರಿಡಾದ ಜಮೀನು ಮಾರುವ ಕಂಪನಿಗಳನ್ನು ಕಾನೂನಿನಿಂದಲೇ ಬಿಗಿಹಿಡಿಯಿತು. ಸರಪಳಿಗೆ ಹೊಸ ಕೊಂಡಿ ಸಿಗದಿದ್ದರೆ ಬೈಂಡರಿನ ಮೂವತ್ತನೆಯ ದಿನ ಬಂದೇ ಬರುತ್ತದೆ. 1926ರ ಮೊದಲ ತಿಂಗಳುಗಳಲ್ಲಿ ಅದು ಬಂತು. ಕಂತು ನಿಂತವು. ಜುಲೈಯಲ್ಲಿ ಜಾರ್ಜಿಯಾ, ಫ್ಲಾರಿಡಾಗಳಲ್ಲಿ ಒಂದೇ ಬ್ಯಾಂಕಿಂಗ್ ಬಳಗಕ್ಕೆ ಸೇರಿದ ಹತ್ತಾರು ಬ್ಯಾಂಕುಗಳು ಕೆಲವೇ ದಿನಗಳಲ್ಲಿ ಬಾಗಿಲು ಹಾಕಿದವು. ಸೈಟು ಕೊಳ್ಳದವರ, ನಕ್ಷೆ ಕಣ್ಣೆತ್ತಿ ನೋಡದವರ ಉಳಿತಾಯವೂ ಅಲ್ಲಿ ಸಿಕ್ಕಿಕೊಂಡಿತು.

ಸೆಪ್ಟೆಂಬರ್ 18ರಂದು ಭಾರಿ ಚಂಡಮಾರುತ ಮಯಾಮಿಯ ಮೇಲೆರಗಿತು. ನೂರಾರು ಜನ ಸತ್ತರು, ಸಾವಿರಾರು ಮನೆ ಬಿದ್ದವು. ಬಿರುಗಾಳಿ ಫ್ಲಾರಿಡಾದ ಭರಾಟೆಯನ್ನು ಮುಗಿಸಿತು ಎಂದು ಹಲವರು ಬರೆದಿದ್ದಾರೆ. ದಿನಾಂಕಗಳನ್ನು ಸಾಲಾಗಿ ಇಟ್ಟು ನೋಡಿದರೆ ಅದು ಹೌದೆನಿಸುವುದಿಲ್ಲ. ಗಾಳಿ ಬರುವ ಮೊದಲೇ ಕಂತುಗಳು ನಿಂತಿದ್ದವು, ಬ್ಯಾಂಕು ಮುಚ್ಚಿದ್ದವು. ಮಯಾಮಿಯ ಬ್ಯಾಂಕುಗಳ ನಡುವೆ ಚುಕ್ತಾ ಆದ ಚೆಕ್ಕುಗಳ ಮೊತ್ತವನ್ನು ಆಲೆನ್ ಕೊಡುತ್ತಾರೆ: 1925ರಲ್ಲಿ ಸುಮಾರು 106 ಕೋಟಿ ಡಾಲರು, 1926ರಲ್ಲಿ 63 ಕೋಟಿ, 1927ರಲ್ಲಿ 26 ಕೋಟಿ, 1928ರಲ್ಲಿ 14 ಕೋಟಿ.

ಈಗ ಮೊದಲು ಹೇಳಿದ ಮಾತಿಗೆ ಬರೋಣ. 1930ರ ಜನಗಣತಿಯಲ್ಲಿ ಮಯಾಮಿಯ ಜನಸಂಖ್ಯೆ 1,10,637. ಹತ್ತು ವರ್ಷದಲ್ಲಿ ಮೂರೂವರೆ ಪಟ್ಟಿಗಿಂತ ಹೆಚ್ಚು. ಊರು ಬೆಳೆಯುತ್ತದೆ ಎಂದವರ ಮಾತು ನಿಜವಾಯಿತು. ಕೋರಲ್ ಗೇಬಲ್ಸ್ ಇವತ್ತು ಅಮೆರಿಕದ ಅನುಕೂಲಸ್ಥರು ಬಯಸಿ ಬಂದು ನೆಲೆಸುವ ಊರು. ಮೆರಿಕ್ ನೆಡಿಸಿದ ಮರಗಳ ಸಾಲು, ಮಾಡಿಸಿದ ಈಜುಕೊಳ ಈಗಲೂ ಅದರ ಹೆಮ್ಮೆ. ಆದರೆ ಮೆರಿಕ್ ಅದೇ ಊರನ್ನು ಸಾಲಕ್ಕೆ ಕಳೆದುಕೊಂಡು, 1940ರಲ್ಲಿ ಮಯಾಮಿಯ ಪೋಸ್ಟ್‌ಮಾಸ್ಟರ್ ಕೆಲಸಕ್ಕೆ ಸೇರಿ, 1942ರಲ್ಲಿ ತೀರಿಕೊಂಡ. ಕಾರ್ಲ್ ಫಿಶರ್ 1939ರಲ್ಲಿ ಸತ್ತಾಗ ಅವನ ಹಿಂದಿನ ಸಿರಿಯಲ್ಲಿ ಹೆಚ್ಚೇನೂ ಉಳಿದಿರಲಿಲ್ಲ.

ಜಾಗದ ಬಗ್ಗೆ ಇವರಿಬ್ಬರ ಕಣ್ಣು ತಪ್ಪಿರಲಿಲ್ಲ. ಊರಿಗೆ ಬೆಳೆಯಲು ಇಪ್ಪತ್ತು, ಮೂವತ್ತು ವರ್ಷ ಬೇಕು. ಸಾಲಕ್ಕೆ ಬೇಕಾದದ್ದು ಮುಂದಿನ ತಿಂಗಳ ಕಂತು. ಸ್ವಂತ ದುಡ್ಡಿನಲ್ಲಿ ಕೊಂಡವನು ಊರಿನ ಗತಿಯಲ್ಲಿ ಕಾಯಬಲ್ಲ. ಸಾಲ ಮಾಡಿ ಕೊಂಡವನು ಸಾಲ ಕೊಟ್ಟವನ ಗತಿಯಲ್ಲಿ ಓಡಬೇಕು. ‘ಈ ಏರಿಯಾ ಇನ್ನು ಹತ್ತು ವರ್ಷಕ್ಕೆ ಎಲ್ಲಿಗೆ ಹೋಗುತ್ತೆ ನೋಡಿ’ ಎಂದು ದಲ್ಲಾಳಿ ಹೇಳುವುದು ನಿಜವೇ ಇರಬಹುದು. ಆ ಹತ್ತು ವರ್ಷದ ನೂರಿಪ್ಪತ್ತು ಕಂತುಗಳನ್ನು ಯಾರು ಕಟ್ಟುತ್ತಾರೆ ಎಂಬುದು ಬೇರೆಯೇ ಪ್ರಶ್ನೆ.

ನಮ್ಮ ಊರುಗಳಲ್ಲಿ

ಈ ಪತ್ರ ಓದುತ್ತಿರುವ ನಿಮ್ಮಲ್ಲಿ ಅನೇಕರು ಊರು ಬಿಟ್ಟು ಬಂದು, ಮುಂಬೈಯಲ್ಲೋ ಪುಣೆಯಲ್ಲೋ ಹೈದರಾಬಾದಿನಲ್ಲೋ ಇನ್ನೂ ಕಟ್ಟದ ಕಟ್ಟಡದ ಹನ್ನೆರಡನೆಯ ಮಹಡಿಗೆ ಬುಕಿಂಗ್ ಹಣ ಕೊಟ್ಟಿರುತ್ತೀರಿ, ಇಲ್ಲವೇ ಕೊಟ್ಟವರನ್ನು ಬಲ್ಲಿರಿ. ಇರುವುದಕ್ಕೆಂದು ಕೊಂಡವರ ಮಾತು ಬೇರೆ. ‘ಈಗ ಬುಕ್ ಮಾಡಿಡೋಣ, ಕೀ ಕೊಡುವ ಮೊದಲೇ ಮಾರಿಬಿಡೋಣ’ ಎಂದು ಕೊಳ್ಳುವವರ ಕೈಯಲ್ಲಿರುವುದು ಹೆಚ್ಚುಕಡಿಮೆ ಮಯಾಮಿಯ ಬೈಂಡರೇ.

ನಮ್ಮಲ್ಲಿ ಕಾನೂನು ಈ ದಾರಿಗೆ ಒಂದಷ್ಟು ತಡೆ ಹಾಕಿದೆ. ‘ಈಗ ಶೇಕಡ 20 ಕೊಡಿ, ಉಳಿದದ್ದು ಮನೆ ಕೈಗೆ ಬಂದಾಗ’ ಎಂಬ ಯೋಜನೆಗಳಲ್ಲಿ ಬ್ಯಾಂಕು ಸಾಲದ ದೊಡ್ಡ ಪಾಲನ್ನು ಮೊದಲೇ ಬಿಲ್ಡರ್‌ಗೆ ಕೊಟ್ಟುಬಿಡುತ್ತಿತ್ತು. ಸಾಲ ಇರುತ್ತಿದ್ದದ್ದು ಕೊಳ್ಳುವವನ ಹೆಸರಿನಲ್ಲಿ. ಕಟ್ಟಡ ಏರಿದ ಹಂತಕ್ಕೆ ತಕ್ಕಂತೆಯೇ ಸಾಲ ಬಿಡುಗಡೆ ಮಾಡಬೇಕು ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲಿ ಬ್ಯಾಂಕುಗಳಿಗೆ ಹೇಳಿತು. 2016ರ ರೇರಾ ಕಾಯ್ದೆಯ 13ನೆಯ ಕಲಮು, ಮಾರಾಟದ ಕರಾರು ಬರೆದು ನೋಂದಾಯಿಸದೆ ಬೆಲೆಯ ಶೇಕಡ 10ಕ್ಕಿಂತ ಹೆಚ್ಚು ಮುಂಗಡ ತೆಗೆದುಕೊಳ್ಳುವಂತಿಲ್ಲ ಎನ್ನುತ್ತದೆ. ಮಯಾಮಿಯ ಬೈಂಡರ್ ನಿಂತಿದ್ದ ಅದೇ ಶೇಕಡ 10ರ ಗೆರೆಯಲ್ಲಿ ನಮ್ಮ ಕಾಯ್ದೆಯೂ ಬೇಲಿ ಹಾಕಿರುವುದು ಕಾಕತಾಳೀಯ ಇರಬಹುದು. ಅದು ಬಿಲ್ಡರ್‌ಗೆ ಹಾಕಿದ ಬೇಲಿ. ನಮ್ಮ ಲೆಕ್ಕಕ್ಕೆ ನಾವೇ ಬೇಲಿ ಹಾಕಿಕೊಳ್ಳಬೇಕು.

ಆ ಲೆಕ್ಕಕ್ಕೆ ಒಂದು ಹಾಳೆ ಸಾಕು. ಮಾರುವ ಬೆಲೆಯನ್ನು ಮೇಲೆ ಬರೆಯಿರಿ. ಕೊಂಡ ಬೆಲೆ, ಮುದ್ರಾಂಕ ಮತ್ತು ನೋಂದಣಿ, ಎರಡೂ ಕಡೆಯ ದಲ್ಲಾಳಿ, ಸೊಸೈಟಿಯ ಬಾಕಿ, ತೆರಿಗೆ ಕಳೆಯಿರಿ. ಬಡ್ಡಿಯನ್ನು ನೀವು ಅಂದುಕೊಂಡ ತಿಂಗಳುಗಳಿಗಲ್ಲ, ಅದರ ಮೂರು ಪಟ್ಟು ತಿಂಗಳುಗಳಿಗೆ ಕಳೆಯಿರಿ. ಮಯಾಮಿಯ ಉದಾಹರಣೆಯಲ್ಲಿ ಆರು ತಿಂಗಳು ಹದಿನೆಂಟಾದದ್ದು ನೆನಪಿರಲಿ. ಉಳಿದದ್ದನ್ನು ನಿಮ್ಮ ಸ್ವಂತ ದುಡ್ಡಿಗೆ ಹೋಲಿಸಿ ಶೇಕಡ ಎಷ್ಟೆಂದು ನೋಡಿ. ಆಮೇಲೆ ಮಾರುವ ಬೆಲೆಯನ್ನು ಹತ್ತರಲ್ಲಿ ಒಂದು ಪಾಲು ತಗ್ಗಿಸಿ ಅದೇ ಲೆಕ್ಕವನ್ನು ಇನ್ನೊಮ್ಮೆ ಮಾಡಿ. ಎರಡನೆಯ ಉತ್ತರವನ್ನು ನಿಮ್ಮ ಮನೆ ತಾಳಿಕೊಳ್ಳುತ್ತದೆ ಎಂದಾದರೆ ಮಾತ್ರ ಮೊದಲನೆಯ ಉತ್ತರದ ಆಸೆ ಇಟ್ಟುಕೊಳ್ಳಬಹುದು.

ಹಾಳೆಯ ಕೆಳಗೆ ಇನ್ನೊಂದು ಸಾಲು ಬರೆಯಲು ಜಾಗ ಬಿಡಿ: ನನ್ನಿಂದ ಕೊಳ್ಳುವವನು ದುಡ್ಡು ಎಲ್ಲಿಂದ ತರುತ್ತಾನೆ? ಅವನೂ ಮುಂದಿನವನನ್ನು ನಂಬಿ ಕೊಳ್ಳುತ್ತಿದ್ದರೆ, ನಿಮ್ಮ ಲಾಭ ಇನ್ನೂ ಬಂದಿಲ್ಲ. ಹನ್ನೆರಡು ಡಾಲರಿಗೆ ಎಕರೆ ಮಾರಿದವನು ಅರವತ್ತರ ಸುದ್ದಿ ಕೇಳಿ ತನ್ನನ್ನು ಬೈದುಕೊಳ್ಳುತ್ತಿದ್ದಾಗ, ಅವನ ಹನ್ನೆರಡರಲ್ಲಿ ಒಂಬತ್ತು ಇನ್ನೂ ಬರಬೇಕಿತ್ತು.